ಆಯುರ್ದಾನ ಪಡೆದ ಹರಿದಾಸರು ಶ್ರೀ ಜಗನ್ನಾಥದಾಸಾರ್ಯರು

ಭಾದ್ರಪದ ಶುಕ್ಲ ನವಮಿಯು ಮಾಧ್ವ ಕುಟುಂಬಗಳಿಗೆಲ್ಲ ಪುಣ್ಯದಿನ. 1809ನೆಯ ಇಸವಿ, ಶುಕ್ಲ ಸಂವತ್ಸರದ ಆ ದಿನದಂದು ಶ್ರೀ ಜಗನ್ನಾಥದಾಸಾರ್ಯರು ಮಾನವಿಯಲ್ಲಿ ಹರಿಪುರವನ್ನು ಸೇರಿದರು. ಆರಾಧನೆಯ ನಿಮಿತ್ತ ಹರಿಕಥಾಮೃತಸಾರದ ಮಹಿಮೆಯನ್ನು ಬರೆಯುವುದು ವಾಡಿಕೆ. ಈ ಸಲ ನಾವು ಆ ಗ್ರಂಥಕರ್ತರ ಯೌವನದಲ್ಲಿ ಬಂದೊದಗಿದ ಮಹಾವ್ಯಾಧಿಯ ಪ್ರಸಂಗವನ್ನೇ ಮುಖ್ಯವಾಗಿ ನಿರೂಪಿಸಬೇಕೆಂದು ಸಂಕಲ್ಪಿಸಿದ್ದೇವೆ.

ಇದಕ್ಕೆ ಕಾರಣ ಸ್ವಂತದ್ದು. ಚೇಳೂರಿನ ನಮ್ಮ ಮನೆಯಲ್ಲಿ ತೀರ್ಥರೂಪರು ಹದಿನಾಲ್ಕು ತಿಂಗಳಿಂದ ಮೂತ್ರಪಿಂಡಗಳ ವ್ಯಾಧಿಯಿಂದ ಬಳಲುತ್ತಿದ್ದಾರೆ. ವಾರಕ್ಕೆ ಎರಡು ಸಲ ತುಮಕೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾರೆ. ಹಲಸಿಗೂ ತೆಂಗಿಗೂ ಹೆಸರಾದ ಊರಿನಲ್ಲಿದ್ದು ಹಲಸಿನ ತೊಳೆಯನ್ನೂ ಎಳನೀರನ್ನೂ ಮುಟ್ಟುವಂತಿಲ್ಲ. ಕುಡಿಯುವ ನೀರಿಗೂ ಅಳತೆ. ನಲವತ್ತು ವರ್ಷ ಊರವರಿಗೆಲ್ಲ ಮೂರು ಸಲ ತೀರ್ಥವಿತ್ತ ಕೈ ಈಗ ತನಗಾಗಿ ಒಂದೇ ಉದ್ಧರಣೆಯನ್ನು ಲೆಕ್ಕವಿಟ್ಟು ತೆಗೆದುಕೊಳ್ಳುತ್ತದೆ. ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು ಈ ಚರಿತ್ರೆಯನ್ನು ಮತ್ತೆ ಮತ್ತೆ ಓದುವ ಪ್ರಸಂಗ ನಮಗೆ ಬಂದಿತು. ಬಾಲ್ಯದಿಂದ ಕೇಳಿದ ಕಥೆಯೇ ಆದರೂ ರೋಗಿಯ ಬಳಿ ಕುಳಿತು ಓದಿದಾಗ ಅದು ಬೇರೆ ರೀತಿಯಲ್ಲಿ ಅರ್ಥವಾಯಿತು.

ದಾಸಾರ್ಯರ ಪೂರ್ವಾಶ್ರಮದ ಹೆಸರು ಶ್ರೀನಿವಾಸ. 1728ನೆಯ ಇಸವಿ, ಕೀಲಕ ಸಂವತ್ಸರದ ಶ್ರಾವಣ ಶುಕ್ಲ ದ್ವಿತೀಯೆಯಂದು ಇಂದಿನ ರಾಯಚೂರು ಜಿಲ್ಲೆಯ ಮಾನವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ನರಸಿಂಹಾಚಾರ್ಯ ಮತ್ತು ಲಕ್ಷ್ಮಕ್ಕ ದಂಪತಿಗಳ ಪುತ್ರರಾಗಿ ಅವತರಿಸಿದರು. ಕೃಷ್ಣಾ ತುಂಗಭದ್ರೆಗಳ ನಡುವಣ ಆ ಸೀಮೆ ನಮ್ಮ ಕಡೆಯಂತೆ ತೆಂಗು ಅಡಿಕೆಗಳದ್ದಲ್ಲ. ಅದು ಎರೆಮಣ್ಣಿನ ನೆಲ, ಜೋಳದ ಬೆಳೆ, ಕಡುಬಿಸಿಲು. ಆದರೆ ಹರಿದಾಸರ ವಿಷಯದಲ್ಲಿ ಅದರಷ್ಟು ಫಲವತ್ತಾದ ನೆಲ ಮತ್ತೊಂದಿಲ್ಲ. ಸುಳಾದಿಗಳಿಗೆ ಹೆಸರಾದ ಶ್ರೀ ವಿಜಯದಾಸರ ಜನ್ಮಸ್ಥಳವಾದ ಚೀಕಲಪರವಿಯೂ ಆ ಸೀಮೆಯದೇ.

ಬಾಲಕ ಶ್ರೀನಿವಾಸನು ಅಸಾಧಾರಣ ಮೇಧಾವಿ. ಮಂತ್ರಾಲಯದ ಶ್ರೀರಾಘವೇಂದ್ರ ಸ್ವಾಮಿಗಳವರ ಪರಂಪರೆಯಲ್ಲಿ ಬಂದ ಶ್ರೀ ವರದೇಂದ್ರತೀರ್ಥ ಶ್ರೀಪಾದಂಗಳವರ ಸನ್ನಿಧಿಯಲ್ಲಿ ವ್ಯಾಕರಣ, ನ್ಯಾಯ, ವೇದಾಂತಗಳನ್ನು ಅಧ್ಯಯನ ಮಾಡಿ ಶ್ರೀನಿವಾಸಾಚಾರ್ಯರೆನಿಸಿದರು. ಎಳೆಯ ವಯಸ್ಸಿನಲ್ಲಿಯೇ ಕೀರ್ತಿ ಹಬ್ಬಿತು. ಮಾನವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳತೊಡಗಿದರು. ವಿದ್ಯೆಯೊಡನೆ ವಿದ್ಯಾಮದವೂ ಬಂದಿತು. ಸಂಸ್ಕೃತದಲ್ಲಿ ಸೂತ್ರಭಾಷ್ಯ, ಶ್ರೀಮನ್ನ್ಯಾಯಸುಧಾ ಮೊದಲಾದ ಗ್ರಂಥಗಳಿರುವಾಗ ಕನ್ನಡದಲ್ಲಿ ತಂಬೂರಿ ಹಿಡಿದು ಹಾಡುವ ದಾಸರಿಂದ ಕಲಿಯತಕ್ಕದ್ದೇನು ಎಂಬ ಭಾವನೆ ಅವರಲ್ಲಿ ಬೇರೂರಿತು. ಪಾಠಶಾಲೆಯಲ್ಲಿ ಓದಿದವರಿಗೆ ಈ ಭಾವನೆ ಅಪರಿಚಿತವೇನೂ ಅಲ್ಲ. ನಾವೂ ಪಾಠಶಾಲೆಯಲ್ಲಿದ್ದಾಗ ಏಕಾದಶಿಯ ಭಜನೆಯಿಂದ ತಪ್ಪಿಸಿಕೊಳ್ಳಲು ತರ್ಕಸಂಗ್ರಹವನ್ನು ಮುಂದಿಟ್ಟುಕೊಂಡು ಕುಳಿತದ್ದುಂಟು.

ಆ ಕಾಲದಲ್ಲಿ ಶ್ರೀ ವಿಜಯದಾಸರು ಮಾನವಿಗೆ ದಯಮಾಡಿಸಿದರು. 1682ರಲ್ಲಿ ಜನಿಸಿದ ಅವರು ಆಗ ವೃದ್ಧರು. ಕಡುಬಡತನದಲ್ಲಿ ಬೆಳೆದು, ಕಾಶಿಯಲ್ಲಿ ಸ್ವಪ್ನದಲ್ಲಿ ಶ್ರೀ ಪುರಂದರದಾಸರ ಅನುಗ್ರಹ ಪಡೆದು, ಸಹಸ್ರಾರು ಪದ ಸುಳಾದಿಗಳನ್ನು ರಚಿಸಿದ ಮಹಾನುಭಾವರು. ಪೂಜೆ, ಹರಿಸಂಕೀರ್ತನೆಗಳಾದ ಮೇಲೆ ತೀರ್ಥಪ್ರಸಾದ ಸ್ವೀಕರಿಸಬೇಕೆಂದು ಶ್ರೀನಿವಾಸಾಚಾರ್ಯರಿಗೂ ಆಹ್ವಾನ ಹೋಯಿತು. ದಾಸರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಆಚಾರ್ಯರಿಗೆ ಮನಸ್ಸಿಲ್ಲ. ನೇರವಾಗಿ ನಿರಾಕರಿಸುವ ಧೈರ್ಯವೂ ಇಲ್ಲ. ತಮಗೆ ಹೊಟ್ಟೆನೋವಿದೆ, ದಾಸರ ಪೂಜೆ ಮುಗಿಯುವವರೆಗೆ ಹಸಿದಿರಲಾಗದು, ಹೊತ್ತಿಗೆ ಮುಂಚೆಯೇ ಊಟ ಮಾಡಬೇಕು ಎಂದು ನೆವ ಹೇಳಿ ಕಳುಹಿಸಿದರು. ಅನಂತರ ಮನೆಯಲ್ಲಿ ನೆಮ್ಮದಿಯಾಗಿ ಭೋಜನ ಮಾಡಿದರು.

ಹೇಳಿದ ಸುಳ್ಳು ನಿಜವಾಯಿತು. ಉದರಶೂಲೆ ಆರಂಭವಾಯಿತು. ದಿನದಿಂದ ದಿನಕ್ಕೆ ಅನ್ನ ಸೇರದಾಯಿತು, ಶರೀರ ಕೃಶವಾಯಿತು. ಕೆಲವರು ಈ ರೋಗವನ್ನು ಕ್ಷಯವೆಂದೂ ಹೇಳುತ್ತಾರೆ. ವೈದ್ಯರ ಔಷಧಗಳು ಫಲಿಸಲಿಲ್ಲ, ಜಪ ಹೋಮಗಳೂ ಫಲಿಸಲಿಲ್ಲ. ವಿಜಯದಾಸರು ವೈಕುಂಠವಾಸಿಗಳಾದದ್ದು 1755ರಲ್ಲಿ; ಆದುದರಿಂದ ಈ ಸಮಯಕ್ಕೆ ಆಚಾರ್ಯರಿಗೆ ಇಪ್ಪತ್ತೇಳು ವರ್ಷ ಮೀರಿರಲಾರದು. ಜೀವೇಶ್ವರ ಭೇದವನ್ನೂ ಜಗತ್ಸತ್ಯತ್ವವನ್ನೂ ನೂರು ಯುಕ್ತಿಗಳಿಂದ ಸಾಧಿಸಬಲ್ಲ ಪಂಡಿತರು ಒಂದು ತುತ್ತು ಅನ್ನವನ್ನು ಜೀರ್ಣಿಸಿಕೊಳ್ಳಲಾರದೆ ಮೃತ್ಯುವನ್ನು ಎದುರುನೋಡುತ್ತ ಮಲಗಿದರು.

ಇಲ್ಲಿ ಕಥೆಯನ್ನು ತುಸು ನಿಲ್ಲಿಸಬೇಕಾಗಿದೆ. ಭಾಗವತಾಪಚಾರದ ಫಲವೆಂದು ಹಿರಿಯರು ಈ ಪ್ರಸಂಗವನ್ನು ಹೇಳುವುದು ಸರಿಯೇ. ಆದರೆ ಈ ಕಥೆಯನ್ನು ಹಿಡಿದುಕೊಂಡು ರೋಗಿಗಳ ಮನೆಗೆ ಹೋಗುವವರಿದ್ದಾರೆ. ನಮ್ಮಲ್ಲಿಗೂ ಹಿತೈಷಿಯೊಬ್ಬರು ಬಂದು, ದೇವರ ಸೇವೆಯಲ್ಲಿ ಯಾವ ಲೋಪವಾಯಿತೋ ನೆನಪು ಮಾಡಿಕೊಳ್ಳಿ, ಜಗನ್ನಾಥದಾಸರಿಗೇ ಬಿಡಲಿಲ್ಲವಲ್ಲ ಎಂದು ತೀರ್ಥರೂಪರಿಗೆ ಹೇಳಿ ಹೋದರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಆ ರಾತ್ರಿ ತೀರ್ಥರೂಪರು ನಿದ್ರಿಸಲಿಲ್ಲ. ನಲವತ್ತು ವರ್ಷಗಳ ಪೂಜೆಯಲ್ಲಿ ತಪ್ಪಿದ ಮಡಿ, ಮರೆತ ಮಂತ್ರ, ತಡವಾದ ನೈವೇದ್ಯ ಎಲ್ಲವನ್ನೂ ಒಂದೊಂದಾಗಿ ಎಣಿಸುತ್ತಿದ್ದರು. ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಜಗನ್ನಾಥದಾಸರ ಈ ತಪ್ಪಿನ ಕಥೆಯನ್ನು ಕಾಪಾಡಿಕೊಂಡು ಬಂದವರು ಅವರ ವಿರೋಧಿಗಳಲ್ಲ, ಅವರ ಶಿಷ್ಯಪರಂಪರೆಯವರೇ. ಗುರುಗಳ ತಪ್ಪನ್ನು ಮುಚ್ಚದೆ ಹೇಳಿದ್ದು ಮುಂದೆ ಬಂದ ಕಾರುಣ್ಯದ ಪ್ರಮಾಣ ತಿಳಿಯಲೆಂದು. ತನ್ನ ರೋಗಕ್ಕೆ ತನ್ನೊಳಗೆ ಕಾರಣ ಹುಡುಕಿಕೊಳ್ಳುವುದು ಬೇರೆ, ಪರರ ಹಾಸಿಗೆಯ ಬಳಿ ನಿಂತು ಅವರ ಪಾಪವನ್ನು ಊಹಿಸುವುದು ಬೇರೆ. ಎರಡನೆಯದನ್ನು ಈ ಕಥೆಯಲ್ಲಿ ಯಾರೂ ಮಾಡಿಲ್ಲ. ಅವಮಾನಿತರಾದ ವಿಜಯದಾಸರು ಸಹ ಮಾಡಿಲ್ಲ.

ಬೇರೆ ದಾರಿ ಕಾಣದ ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ಶ್ರೀಗುರುರಾಜರ ಬೃಂದಾವನದ ಸನ್ನಿಧಿಯಲ್ಲಿ ಸೇವೆಗೆ ನಿಂತರು. 1671ರಲ್ಲಿ ಬೃಂದಾವನ ಪ್ರವೇಶ ಮಾಡಿದ ಗುರುಗಳು ಎಷ್ಟೋ ಜನರ ವ್ಯಾಧಿಗಳನ್ನು ಆ ಸನ್ನಿಧಿಯಿಂದಲೇ ಪರಿಹರಿಸಿದ್ದಾರೆ. ಆದರೆ ಈ ಸೇವಕನಿಗೆ ಸ್ವಪ್ನದಲ್ಲಿ ಬಂದ ಅಪ್ಪಣೆ ಬೇರೆಯಾಗಿತ್ತು. ಯಾರನ್ನು ತಿರಸ್ಕರಿಸಿದೆಯೋ ಆ ವಿಜಯದಾಸರಲ್ಲಿಗೇ ಹೋಗಬೇಕೆಂಬುದೇ ಆ ಅಪ್ಪಣೆ. ಗುರುರಾಜರು ತಾವೇ ರೋಗವನ್ನು ತೆಗೆದುಬಿಟ್ಟಿದ್ದರೆ ಹೊಟ್ಟೆಯ ಶೂಲೆ ಹೋಗುತ್ತಿತ್ತು, ಅಹಂಕಾರ ಹೋಗುತ್ತಿರಲಿಲ್ಲವೆಂದು ನಮ್ಮ ಗುರುಗಳೊಬ್ಬರು ಪಾಠದಲ್ಲಿ ಹೇಳುತ್ತಿದ್ದರು.

ಆಚಾರ್ಯರು ವಿಜಯದಾಸರ ಪಾದಗಳಲ್ಲಿ ಬಿದ್ದು ಕ್ಷಮೆ ಬೇಡಿದರು. ವಿಜಯದಾಸರಲ್ಲಿ ಕೋಪದ ಲೇಶವೂ ಇರಲಿಲ್ಲ. ಆದರೆ ಅವರೂ ತಾವೇ ಪರಿಹಾರ ಮಾಡದೆ ತಮ್ಮ ಶಿಷ್ಯರಾದ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗುರುಗಳ ಗುರುವಿನಿಂದ ಹರಿದಾಸರಿಗೆ, ಹರಿದಾಸರಿಂದ ಅವರ ಶಿಷ್ಯರಿಗೆ, ಹೀಗೆ ಶ್ರೀನಿವಾಸಾಚಾರ್ಯರು ಮೆಟ್ಟಿಲಿಳಿಯಬೇಕಾಯಿತು. ಕೊನೆಯ ಮೆಟ್ಟಿಲಿನಲ್ಲಿ ಕುಳಿತಿದ್ದವರು ಅವರಿಗಿಂತ ಏಳೆಂಟು ವರ್ಷಗಳಿಗೆ ಮಾತ್ರ ಹಿರಿಯರಾದ, ನ್ಯಾಯಶಾಸ್ತ್ರದ ಪಂಡಿತರೆಂದು ಹೆಸರು ಪಡೆಯದ ಒಬ್ಬ ಗೃಹಸ್ಥರು.

ಶ್ರೀ ಗೋಪಾಲದಾಸರ ಪೂರ್ವದ ಹೆಸರು ಭಾಗಣ್ಣ. ಜನನ 1721ರಲ್ಲಿ, ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ದಾಯಾದಿಗಳು ಹೊಲಮನೆಗಳನ್ನು ಕಬಳಿಸಿದರು. ತಾಯಿ ವೆಂಕಮ್ಮನವರು ಮಕ್ಕಳನ್ನು ಕರೆದುಕೊಂಡು ಸಂಕಾಪುರಕ್ಕೆ ಬಂದು ಹನುಮಂತದೇವರ ಗುಡಿಯ ಆಶ್ರಯದಲ್ಲಿ ಸಂಸಾರ ಸಾಗಿಸಿದರು. ಅಲ್ಲಿ ಗಾಯತ್ರೀ ಜಪದಿಂದಲೇ ಭಾಗಣ್ಣನಿಗೆ ಸಿದ್ಧಿಯಾಯಿತು. ಹೇಳಿದ ಭವಿಷ್ಯ ತಪ್ಪುತ್ತಿರಲಿಲ್ಲ. ಇಂದು ತೆಲಂಗಾಣಕ್ಕೆ ಸೇರಿದ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದರು. ವಿಜಯದಾಸರಿಂದ ಗೋಪಾಲವಿಠ್ಠಲ ಎಂಬ ಅಂಕಿತ ಪಡೆದರು. ಸಂಪ್ರದಾಯದಲ್ಲಿ ಅವರನ್ನು ಗಣಪತಿಯ ಅಂಶಸಂಭೂತರೆಂದು ಪೂಜಿಸುತ್ತಾರೆ.

ಗೋಪಾಲದಾಸರು ಬಂದವರ ಮುಖ ನೋಡಿದೊಡನೆಯೇ ಇವರ ಆಯುಷ್ಯ ಮುಗಿದಿದೆಯೆಂಬುದನ್ನು ತಿಳಿದರು. ರೋಗವನ್ನು ಪರಿಹರಿಸಿದರೂ ಬದುಕಲು ದಿನಗಳಿಲ್ಲ. ಆಗ ಅವರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಶ್ರೀನಿವಾಸಾಚಾರ್ಯರಿಗೆ ಧಾರೆಯೆರೆದರು. ಧನ್ವಂತರಿ ಮಂತ್ರದಿಂದ ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಕೊಟ್ಟು ತಿನ್ನಿಸಿದರು. ಗಂಜಿಯೂ ದಕ್ಕದ ಹೊಟ್ಟೆಗೆ ಜೋಳದ ರೊಟ್ಟಿ! ಅದು ಜೀರ್ಣವಾಯಿತು. ಶೂಲೆ ಶಮನವಾಯಿತು. ವಿಜಯದಾಸರ ಮನೆಯ ಪಂಕ್ತಿಯಲ್ಲಿ ಬೇಡವೆಂದ ಪ್ರಸಾದವನ್ನು ಅವರ ಶಿಷ್ಯರ ಮನೆಯಲ್ಲಿ ಬೇಡಿ ಉಂಡಂತಾಯಿತು.

ಆಯುಷ್ಯವನ್ನು ಒಬ್ಬರು ಮತ್ತೊಬ್ಬರಿಗೆ ಕೊಡಬಹುದೆ ಎಂಬ ಪ್ರಶ್ನೆಯನ್ನು ತರುಣರು ಕೇಳುತ್ತಾರೆ, ಕೇಳತಕ್ಕ ಪ್ರಶ್ನೆಯೇ. ಮಹಾಭಾರತದ ಆದಿಪರ್ವದಲ್ಲಿ ಸರ್ಪದಷ್ಟಳಾಗಿ ಮೃತಳಾದ ಪ್ರಮದ್ವರೆಗೆ ರುರುವು ತನ್ನ ಆಯುಷ್ಯದ ಅರ್ಧವನ್ನು ಕೊಟ್ಟು ಬದುಕಿಸಿದ ಆಖ್ಯಾನವಿದೆ. ಆದರೆ ನಮ್ಮ ಸಿದ್ಧಾಂತದಲ್ಲಿ ಜೀವನು ಅಸ್ವತಂತ್ರನು. ತನ್ನದೆಂದು ಹೇಳಿಕೊಳ್ಳುವ ಒಂದು ಉಸಿರೂ ಅವನದಲ್ಲ. ಹಾಗಿರುವಾಗ ಗೋಪಾಲದಾಸರು ಕೊಟ್ಟದ್ದಾದರೂ ಏನು? ಇದಕ್ಕೆ ಉತ್ತರ ಅವರ ನಡೆಯಲ್ಲಿಯೇ ಇದೆ. ಅವರು ದಾನ ಮಾಡುವ ಯಜಮಾನನಂತೆ ಮಾತನಾಡಲಿಲ್ಲ. ಶಿಷ್ಯನ ರೋಗವನ್ನು ಪರಿಹರಿಸಬೇಕೆಂದು ಧನ್ವಂತರಿಯಲ್ಲಿ ದೀನರಾಗಿ ಬಿನ್ನವಿಸಿ ಒಂದು ಪದವನ್ನು ಹಾಡಿದರು. ಇಂದಿಗೂ ಮಾಧ್ವರ ಮನೆಗಳಲ್ಲಿ ಯಾರಾದರೂ ಅಸ್ವಸ್ಥರಾದಾಗ ಆ ಪದವನ್ನು ಹಾಡುವ ಪದ್ಧತಿಯಿದೆ. ಕೊಡುವವರೂ ಬೇಡಿದರು, ಪಡೆಯುವವರೂ ಬೇಡಿದರು. ಕೊಟ್ಟವನು ಶ್ರೀಹರಿ.

ಆದರೆ ದಾನದ ಬೆಲೆ ಮಾತ್ರ ಕಡಮೆಯದಲ್ಲ. ಸಾಮಾನ್ಯವಾಗಿ ಪ್ರವಚನಗಳಲ್ಲಿ ಈ ಭಾಗವನ್ನು ಬೇಗನೆ ದಾಟಿಬಿಡುತ್ತಾರೆ. ಗೋಪಾಲದಾಸರು ಚಿತ್ರಭಾನು ಸಂವತ್ಸರದ ಪುಷ್ಯ ಬಹುಳ ಅಷ್ಟಮಿಯಂದು ದೇಹವನ್ನು ಬಿಟ್ಟರು. ಗ್ರಂಥಗಳಲ್ಲಿ 1762 ಎಂದು ಇಸವಿಯನ್ನು ಕೊಟ್ಟಿರುತ್ತಾರೆ. ಅವರ ವಯಸ್ಸು ಆಗ ಸುಮಾರು ನಲವತ್ತೊಂದು. ಸೋದರರಿಗೆ ಹಿರಿಯಣ್ಣ, ಮನೆಗೆ ಆಧಾರ. ನೂರು ವರ್ಷ ಬಾಳಿ ಮಿಕ್ಕದ್ದನ್ನು ಕೊಟ್ಟವರಲ್ಲ ಅವರು. ಜಗನ್ನಾಥದಾಸರಾದರೋ ಗುರುಗಳ ಅನಂತರ ನಲವತ್ತೇಳು ವರ್ಷ ಬದುಕಿದರು. ನಾವು ಒಂದು ದಿನ ಬೆರಳು ಮಡಿಚಿ ಲೆಕ್ಕ ಹಾಕಿದೆವು. ಮನುಷ್ಯನು ಒಂದು ಅಹೋರಾತ್ರದಲ್ಲಿ 21,600 ಸಲ ಉಸಿರಾಡುತ್ತಾನೆಂದು ಶಾಸ್ತ್ರಗಳ ಗಣನೆ. ವರ್ಷಕ್ಕೆ 360 ದಿನಗಳಂತೆ ನಲವತ್ತು ವರ್ಷಕ್ಕೆ 31 ಕೋಟಿ 10 ಲಕ್ಷ 40 ಸಾವಿರ ಶ್ವಾಸಗಳಾಗುತ್ತವೆ. ಇಷ್ಟನ್ನು ಮತ್ತೊಬ್ಬರಿಂದ ಪಡೆದೆನೆಂದು ತಿಳಿದ ಮನುಷ್ಯನು ಹೇಗೆ ಬದುಕಬೇಕು?

ಜಗನ್ನಾಥದಾಸರು ಬದುಕಿದ ರೀತಿಯನ್ನು ನೋಡೋಣ. ಗುರುಗಳ ಅಪ್ಪಣೆಯಂತೆ ಪಂಢರಪುರಕ್ಕೆ ಹೋದರು. ಚಂದ್ರಭಾಗಾ ನದಿಯಲ್ಲಿ ಮುಳುಗಿ ಎದ್ದಾಗ ಜಗನ್ನಾಥವಿಠ್ಠಲ ಎಂಬ ಅಂಕಿತವುಳ್ಳ ಶಿಲೆ ದೊರೆಯಿತೆಂದು ಸಂಪ್ರದಾಯ. ಅಂದಿನಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಗೆಜ್ಜೆ ಕಟ್ಟಿದರು, ತಂಬೂರಿ ಹಿಡಿದರು. ಯಾವ ಭಾಷೆಯನ್ನು ಕೀಳೆಂದು ಭಾವಿಸಿದ್ದರೋ ಆ ಕನ್ನಡದಲ್ಲಿ ಪದಗಳನ್ನೂ, ಹೆಂಗಸರು ಹಾಡಿಕೊಳ್ಳುವ ತ್ರಿಪದಿಯಲ್ಲಿ ತತ್ತ್ವಸುವ್ವಾಲಿಯನ್ನೂ, ಭಾಮಿನೀ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನೂ ರಚಿಸಿದರು. ಕಲಿತ ಸಂಸ್ಕೃತವನ್ನು ಅವರು ಕಳೆದುಕೊಳ್ಳಲಿಲ್ಲ. ಶ್ರೀಮದಾಚಾರ್ಯರ ಶಾಸ್ತ್ರದ ಸಾರವನ್ನೆಲ್ಲ ಮೂವತ್ತೆರಡು ಸಂಧಿಗಳಲ್ಲಿ, ಸಾವಿರಕ್ಕೆ ಸಮೀಪಿಸುವ ಪದ್ಯಗಳಲ್ಲಿ, ವೇದಾಧಿಕಾರವಿಲ್ಲದವರ ಕೈಗೂ ಎಟುಕುವಂತೆ ಇಳಿಸಿದರು. ಅನಂತರ ಶಿಷ್ಯರಾದ ಕರ್ಜಗಿ ದಾಸಪ್ಪನವರು, ಅಂದರೆ ಶ್ರೀದವಿಠ್ಠಲರು, ಫಲಸ್ತುತಿಯ ಸಂಧಿಯನ್ನು ಸೇರಿಸಿದರು. ಕನ್ನಡ ಪದಗಳೆಂದು ಪಂಡಿತರು ಮೂಗು ಮುರಿಯುತ್ತಿದ್ದ ಕಾಲ ಹೋಗಿ, ಈ ಕನ್ನಡ ಗ್ರಂಥಕ್ಕೆ ಪಂಡಿತರೇ ವ್ಯಾಖ್ಯಾನ ಬರೆಯುವ ಕಾಲ ಬಂದಿತು.

ಆ ಗ್ರಂಥವನ್ನು ರೋಗದ ಪ್ರಸಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ನಮ್ಮ ಬಿನ್ನಹ. ಮಂಗಳಾಚರಣವಾದೊಡನೆ ಬರುವುದು ಕರುಣಾಸಂಧಿ. ತಾರತಮ್ಯ, ಸೃಷ್ಟಿಕ್ರಮ ಮೊದಲಾದ ಗಹನ ವಿಷಯಗಳಿಗೆಲ್ಲ ಮೊದಲು ಭಗವಂತನ ಕರುಣೆಯನ್ನು ಹೇಳಿದರು. ಪಡೆದುಕೊಂಡವರು ಮೊದಲು ಹೇಳುವುದು ಅದನ್ನೇ ಅಲ್ಲವೆ? ನಾಲ್ಕನೆಯದು ಭೋಜನರಸವಿಭಾಗ ಸಂಧಿ. ಯಾವ ಯಾವ ಪದಾರ್ಥದಲ್ಲಿ ಭಗವಂತನ ಯಾವ ರೂಪ, ಯಾವ ದೇವತೆ ಸನ್ನಿಹಿತರೆಂದು ಚಿಂತಿಸಿ ಉಣ್ಣಬೇಕು, ಉಂಡದ್ದು ಹೇಗೆ ಶ್ರೀಹರಿಗೆ ಸಮರ್ಪಿತವಾಗುತ್ತದೆ ಎಂಬುದು ಅಲ್ಲಿಯ ವಿಷಯ. ಊಟವನ್ನು ತಪ್ಪಿಸಿಕೊಳ್ಳಲು ಸುಳ್ಳು ಹೇಳಿದವರು, ಅನ್ನವನ್ನು ಕಂಡರೆ ಹೆದರುವಂತಾದವರು, ಒಂದು ರೊಟ್ಟಿಯಿಂದ ಬದುಕಿದವರು ಬರೆದ ಸಂಧಿಯಿದು. ಇನ್ನು ಶ್ವಾಸಸಂಧಿ. ನಾವು ಮಲಗಿದ್ದರೂ ಎಚ್ಚತ್ತಿದ್ದರೂ, ನಮಗೆ ಅರಿವಿದ್ದರೂ ಇಲ್ಲದಿದ್ದರೂ, ಶ್ರೀ ಮುಖ್ಯಪ್ರಾಣದೇವರು ಪ್ರತಿಯೊಬ್ಬ ಜೀವನಲ್ಲಿದ್ದು ದಿನಕ್ಕೆ 21,600 ಸಲ ಹಂಸಮಂತ್ರವನ್ನು ಜಪಿಸುತ್ತಾರೆಂಬ ಪ್ರಮೇಯವನ್ನು ಅಲ್ಲಿ ವಿವರಿಸಿದ್ದಾರೆ. ಜಪಮಣಿಯನ್ನು ಹಿಡಿಯಲಾರದಷ್ಟು ಕೈ ನಡುಗುವ ರೋಗಿಗೆ ಇದಕ್ಕಿಂತ ದೊಡ್ಡ ಸಮಾಧಾನವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಸೂಜಿ ಚುಚ್ಚಿಸಿಕೊಂಡು ನಾಲ್ಕು ತಾಸು ಯಂತ್ರದ ಪಕ್ಕದಲ್ಲಿ ಮಲಗಿರುವಾಗ ತೀರ್ಥರೂಪರು ಸಂಧ್ಯಾವಂದನೆಗೆ ಹೊತ್ತು ಮೀರಿತೆಂದು ಕಳವಳಪಡುತ್ತಿದ್ದರು. ಈ ಸಂಧಿಯನ್ನು ಓದಿದ ಮೇಲೆ ಅಲ್ಲಿ ಕಣ್ಣು ಮುಚ್ಚಿ ಉಸಿರನ್ನು ಗಮನಿಸುತ್ತ ಮಲಗುತ್ತಾರೆ.

ಎಂಬತ್ತೊಂದು ವರ್ಷ ಬಾಳಿದ ದಾಸಾರ್ಯರು ಮಾನವಿಯ ತಮ್ಮ ಮನೆಯಲ್ಲಿಯೇ ಕೊನೆಯ ದಿನಗಳನ್ನು ಕಳೆದರು. ಮನೆಯ ಸ್ತಂಭದಲ್ಲಿ ಅವರು ಸನ್ನಿಹಿತರಾದರೆಂದು ಭಕ್ತರ ನಂಬಿಕೆ. ಆ ಸ್ತಂಭಕ್ಕೆ ಇಂದಿಗೂ ಪೂಜೆ ನಡೆಯುತ್ತದೆ. ಎರಡನೆಯ ಸಲ ಬಂದ ಮೃತ್ಯುವಿನ ಬಗ್ಗೆ ಚರಿತ್ರಕಾರರು ಹೆಚ್ಚು ಬರೆದಿಲ್ಲ. ಬರೆಯುವಂಥ ಕಳವಳವೇನೂ ಅಲ್ಲಿರಲಿಲ್ಲವೆಂದು ನಮ್ಮ ಭಾವನೆ.

ಇನ್ನು ಮೊದಲು ಹೇಳಿದ ಸ್ವಂತ ವಿಷಯ. ಮೂತ್ರಪಿಂಡವೊಂದನ್ನು ಕೊಡುವವರು ಸಿಕ್ಕಿದರೆ ತೀರ್ಥರೂಪರಿಗೆ ಬದಲಿ ಜೋಡಣೆ ಮಾಡಬಹುದೆಂದು ವೈದ್ಯರು ಹೇಳಿದ್ದಾರೆ. ನಾವು ಕೊಡುವುದಾಗಿ ಹೇಳಿದೆವು. ಅವರು ಒಪ್ಪಲಿಲ್ಲ. ಯಯಾತಿಯು ಮಗನ ಯೌವನವನ್ನು ತೆಗೆದುಕೊಂಡದ್ದು ಸಾಕು, ಇನ್ನೊಬ್ಬ ಯಯಾತಿಯಾಗಲಾರೆನೆಂದರು. ಅರವತ್ತಾರು ವರ್ಷದವನಿಗೆ ಇನ್ನೆಷ್ಟು ದಿನ, ಸಣ್ಣ ಮಕ್ಕಳ ತಂದೆಯ ಶರೀರಕ್ಕೆ ಕತ್ತಿ ಹಾಕಿಸಬೇಕೆ ಎಂದರು. ಅವರ ಮಾತಿನಲ್ಲಿ ಧರ್ಮವಿಲ್ಲದಿಲ್ಲ. ನಾವು ವಾದ ಮಾಡಲಿಲ್ಲ. ನಮ್ಮ ಮಾತೃಶ್ರೀಯವರು ಮಾತ್ರ ಒಂದು ದಿನ ಅಡುಗೆಮನೆಯಿಂದಲೇ, ಗೋಪಾಲದಾಸರು ಕೊಟ್ಟಾಗ ಜಗನ್ನಾಥದಾಸರು ಬೇಡವೆನ್ನಲಿಲ್ಲವಲ್ಲ ಎಂದರು. ಮೊದಲ ಸಲ ಬೇಡವೆಂದದ್ದಕ್ಕೇ ಅಷ್ಟೆಲ್ಲ ಆಯಿತೆಂದೂ ಸೇರಿಸಿದರು. ತೀರ್ಥರೂಪರು ಅಂದು ಏನನ್ನೂ ಹೇಳಲಿಲ್ಲ.

ಮುಂದಿನ ಕೆಲವು ದಿನ ಊಟದ ಹೊತ್ತಿಗೆ ಭೋಜನಸಂಧಿಯನ್ನು ಓದಿಸಿಕೊಂಡರು. ಉಪ್ಪಿಲ್ಲದ ಅನ್ನ, ನೀರು ಬಸಿದು ಬೇಯಿಸಿದ ಪಲ್ಯ, ಅಷ್ಟಕ್ಕೇ ಆ ಸಂಧಿಯ ಅನುಸಂಧಾನ. ಕಳೆದ ದ್ವಾದಶಿಯಂದು ಪಾರಣೆ ಮುಗಿಸಿ ಕೈ ತೊಳೆದುಕೊಂಡು ಬಂದು, ರಕ್ತಪರೀಕ್ಷೆಗೆ ಇಬ್ಬರೂ ಒಟ್ಟಿಗೇ ಹೋಗಬೇಕೆ, ಯಾವ ಯಾವ ಕಾಗದಗಳನ್ನು ತೆಗೆದುಕೊಂಡು ಹೋಗಬೇಕು ಎಂದು ಅವರೇ ಕೇಳಿದರು. ಆರಾಧನೆ ಮುಗಿದ ಮೇಲೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ನವಮಿಯ ಸಾಯಂಕಾಲ ದೇವಾಲಯದಲ್ಲಿ ಕರುಣಾಸಂಧಿ ಮತ್ತು ಶ್ವಾಸಸಂಧಿಗಳ ಪಾರಾಯಣವಿರುತ್ತದೆ. ತೀರ್ಥರೂಪರು ಕುಳಿತುಕೊಳ್ಳಲು ಶಕ್ತರಾದರೆ ಕರುಣಾಸಂಧಿಯನ್ನು ಅವರೇ ಓದುತ್ತಾರೆ.

ಶ್ರೀಕೃಷ್ಣಾರ್ಪಣಮಸ್ತು